ಹಾಜರಿ ಪುಸ್ತಕ ಯಾರ ಕೈಯಲ್ಲಿದೆ?

ಪ್ರಶ್ನೆ: ನನಗೆ 31 ವರ್ಷ. ಆಳಂದ ತಾಲ್ಲೂಕಿನವಳು. ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಓದಿದೆ. ಕೆಲವು ವರ್ಷ ಬೇರೆ ಕಡೆ ಕ್ವಾಲಿಟಿ ವಿಭಾಗದಲ್ಲಿದ್ದು, ಈಗ ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೇನೆ. ಮೆಷಿನ್ ನೋಡುವವರು, ಹಮಾಲರು, ಬೇಳೆ ಆರಿಸುವ ಹೆಂಗಸರು ಎಲ್ಲ ಸೇರಿ ನಲವತ್ತು ಜನ. ಇಲ್ಲಿ ಈ ಹುದ್ದೆಗೆ ಬಂದ ಮೊದಲ ಹೆಣ್ಣು ನಾನೇ.

ಹೆಡ್ ಮಿಸ್ತ್ರಿಗೆ ಐವತ್ತೈದರ ಹತ್ತಿರ ವಯಸ್ಸು. ಈಗಿನ ಸಾವ್ಕಾರರ ತಂದೆಯ ಕಾಲದಿಂದ ಇದ್ದಾರೆ. ನಾನು ಕಾಕಾ ಅನ್ನುತ್ತೇನೆ, ಅವರು ನನಗೆ ಬಾಯಿ ಅನ್ನುತ್ತಾರೆ. ಒಂದು ದಿನವೂ ಒರಟಾಗಿ ಮಾತಾಡಿಲ್ಲ. ನಾನು ಊಟ ಮಾಡಿಲ್ಲ ಅಂತ ಗೊತ್ತಾದರೆ ತಮ್ಮ ಡಬ್ಬಿಯಿಂದ ರೊಟ್ಟಿ ತೆಗೆದು ಕೊಡುತ್ತಾರೆ. ಆದರೆ ಕೆಲಸ ಹೇಳಿದರೆ "ಹೂಂರಿ ಬಾಯಿ" ಅಂದು ಆ ಕಡೆ ಹೋಗಿ ಸಾವ್ಕಾರರಿಗೆ ಫೋನ್ ಮಾಡುತ್ತಾರೆ. ಜನವರಿಯಲ್ಲಿ ಒಂದು ಲಾಟ್‌ನ ತೇವ ಮೀಟರ್‌ನಲ್ಲಿ 12 ತೋರಿಸಿತು. ಇನ್ನೊಂದು ದಿನ ಬಿಸಿಲಿಗೆ ಹಾಕಿ ಅಂದೆ. ಅವರು ಸಾವ್ಕಾರರನ್ನು ಕೇಳಿ ಓಡಿಸಿಯೇಬಿಟ್ಟರು. ನುಚ್ಚು ಜಾಸ್ತಿ ಬಂತು. ಸಾವ್ಕಾರರು ಲೆಕ್ಕ ಕೇಳಿದ್ದು ಮಾತ್ರ ನನ್ನನ್ನು.

ಇಬ್ಬರು ಹುಡುಗರು ನಾನು ಆ ಕಡೆ ತಿರುಗಿದರೆ ಸಾಕು, "ರಾತ್ರಿ ಮನ್ಯಾಗ ಗಂಡಗೂ ಹಿಂಗೇ ಆರ್ಡರ್ ಹಾಕ್ತಾಳೇನೋ" ಅಂತ ನಗುತ್ತಾರೆ. ಹೆಂಗಸರಾದರೂ ನನ್ನ ಮಾತು ಕೇಳುತ್ತಾರೆ ಅಂದುಕೊಂಡಿದ್ದೆ. ಅವರೂ ಮಿಸ್ತ್ರಿಯ ಮುಖ ನೋಡುತ್ತಾರೆ. ಗಂಡ "ಮೆತ್ತಗೆ ಹೋಗು" ಅನ್ನುತ್ತಾರೆ. ಗೆಳತಿ "ಒಮ್ಮೆ ಜೋರು ಮಾಡು, ಎಲ್ಲ ನೆಟ್ಟಗಾಗ್ತಾರೆ" ಅನ್ನುತ್ತಾಳೆ. ಭಾವ ಕಿರುಕುಳದ ಕೇಸ್ ಹಾಕು ಅನ್ನುತ್ತಾರೆ. ಸೀರೆ ಉಟ್ಟುಕೊಂಡು ಹೋದರೆ ಗೌರವ ಬರುತ್ತದೆ ಅಂತ ಅತ್ತೆ. ನಮ್ಮ ಭಾಗದ ಗಂಡಸರು ಬದಲಾಗೋದೇ ಇಲ್ವಾ? ಕೆಲಸ ಬಿಡಲಾ?

ಹೆಸರು ಬೇಡ, ಕಲಬುರಗಿ

ಉತ್ತರ: ಕಾಕಾ ರೊಟ್ಟಿ ಕೊಟ್ಟ ವಿಷಯ ನೀವು ಬರೆಯದೇ ಹೋಗಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು. ಅವರು ನಿಮ್ಮನ್ನು ಕಂಡರೆ ಆಗದ ಮನುಷ್ಯ ಅಲ್ಲ. ಪ್ರೀತಿ ಇದೆ, ಗೌರವವೂ ಇದೆ. ಆದರೆ ಅದು ಮನೆಮಗಳಿಗೆ ಕೊಡುವ ಗೌರವ. ಮನೆಮಗಳು ಹಸಿದಿದ್ದರೆ ರೊಟ್ಟಿ ಕೊಡುತ್ತಾರೆ, ಆಕೆ ಹೇಳಿದಳು ಅಂತ ಮೆಷಿನ್ ನಿಲ್ಲಿಸುವುದಿಲ್ಲ. ನಿಮಗೆ ಬೇಕಾಗಿರುವುದು ಎರಡನೆಯದು. ಮೊದಲನೆಯದು ಬೆಳೆದರೆ ಎರಡನೆಯದು ತಾನಾಗಿ ಬರುತ್ತದೆ ಅಂತ ಕಾಯುತ್ತಾ ಕೂತರೆ ಎಷ್ಟು ವರ್ಷ ಕೂತರೂ ಬರುವುದಿಲ್ಲ. ಕೆಲಸದ ಜಾಗದ ಜಗಳಗಳನ್ನು ನೋಡುತ್ತಾ, ಕೆಲವು ಕಡೆ ದೂರು ಸಮಿತಿಯ ಹೊರಗಿನ ಸದಸ್ಯೆಯಾಗಿ ಕೂತು, ನಾನು ಕಂಡಿರುವುದು ಇದನ್ನೇ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದೇ ಗಂಟಾಗಿವೆ. ಮಿಸ್ತ್ರಿ ನಿಮ್ಮನ್ನು ದಾಟಿ ಹೋಗುವುದು ಒಂದು. ಹುಡುಗರ ಮಾತು ಇನ್ನೊಂದು. ಮೂರನೆಯದನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ: ಲಾಟ್ ಓಡಿಸಲು ಒಪ್ಪಿಗೆ ಕೊಟ್ಟವರು ಸಾವ್ಕಾರರು, ನುಚ್ಚಿನ ಲೆಕ್ಕ ಕೇಳಿದ್ದು ನಿಮ್ಮನ್ನು. ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದು ಇದೇ. ಹುಕುಂ ಅವರದು, ಹೊಣೆ ನಿಮ್ಮದು ಅಂತಾದರೆ ಆ ಕುರ್ಚಿಯಲ್ಲಿ ಗಂಡಸು ಕೂತಿದ್ದರೂ ಒಂದು ಸೀಸನ್ ನಿಲ್ಲುತ್ತಿರಲಿಲ್ಲ.

ಮೊದಲು "ನಮ್ಮ ಭಾಗದ ಗಂಡಸರು" ಅನ್ನುವ ಮಾತು ನೋಡೋಣ. ಇದನ್ನು ಕಲಬುರಗಿಯಲ್ಲೂ ಕೇಳುತ್ತೇನೆ, ಬೆಂಗಳೂರಿನವರ ಬಾಯಲ್ಲಿ ಇನ್ನೂ ಜಾಸ್ತಿ ಕೇಳುತ್ತೇನೆ. ಹಿಂದುಳಿದ ಜಿಲ್ಲೆ, ಆದ್ದರಿಂದ ಹಿಂದುಳಿದ ಬುದ್ಧಿ ಅನ್ನುವ ಲೆಕ್ಕ ಅದು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರ ಕೊನೆಯಿಂದ 2020ರ ಮಾರ್ಚ್‌ವರೆಗೆ ಇಡೀ ದೇಶದಲ್ಲಿ ಸುಮಾರು 30,000 ಜನರನ್ನು ಮಾತಾಡಿಸಿ, 2022ರಲ್ಲಿ ವರದಿ ಕೊಟ್ಟಿತು. ರಾಜಕೀಯ ನಾಯಕತ್ವದಲ್ಲಿ ಗಂಡು ಹೆಣ್ಣು ಇಬ್ಬರೂ ಸಮ ಅಂದವರು ನೂರಕ್ಕೆ 55. ಹೆಣ್ಣೇ ಮೇಲು ಅಂದವರು 14. ಪರವಾಗಿಲ್ಲ ಅಲ್ವಾ? ಅದೇ ಜನರಲ್ಲಿ, ಹೆಂಡತಿ ಯಾವಾಗಲೂ ಗಂಡನ ಮಾತು ಕೇಳಬೇಕು ಅಂದವರು 87. ಕೆಲಸಗಳು ಕಡಿಮೆ ಇದ್ದಾಗ ಗಂಡಸಿಗೇ ಮೊದಲ ಹಕ್ಕು ಅಂದವರು 80. ಇದು ದೇಶದ ಅಂಕಿ, ನಮ್ಮ ಭಾಗದ್ದಷ್ಟೇ ಅಲ್ಲ. ಹೆಂಗಸರು ಕೊಟ್ಟ ಉತ್ತರಕ್ಕೂ ಗಂಡಸರು ಕೊಟ್ಟ ಉತ್ತರಕ್ಕೂ ಭಾರಿ ಅಂತರವೂ ಇರಲಿಲ್ಲ. ಆರಿಸುವ ಹೆಂಗಸರು ನಿಮ್ಮ ಪರ ನಿಲ್ಲಲಿಲ್ಲ ಅಂತ ನೊಂದುಕೊಂಡಿದ್ದೀರಲ್ಲ, ಈ ಸಾಲು ನಿಮಗಾಗಿ.

ಈ ಅಂಕಿಗಳನ್ನು ನಾನು ಓದುವುದು ಹೀಗೆ. ಹೆಣ್ಣಿನ ಅಧಿಕಾರ ದೂರದಲ್ಲಿದ್ದರೆ ನಮ್ಮ ಜನಕ್ಕೆ ತೊಂದರೆ ಇಲ್ಲ, ಹತ್ತಿರ ಬಂದಷ್ಟೂ ಕಸಿವಿಸಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಮಹಿಳೆಯರು ಜಿಲ್ಲಾಧಿಕಾರಿಗಳಾಗಿ ಕೂತದ್ದುಂಟು. ಅವರ ಕಾರು ಬಂದರೆ ನಿಮ್ಮ ಸಾವ್ಕಾರರೂ ಎದ್ದು ನಿಲ್ಲುತ್ತಾರೆ, ಮಿಸ್ತ್ರಿಯೂ ನಿಲ್ಲುತ್ತಾರೆ. ಯಾಕೆಂದರೆ ಜಿಲ್ಲಾಧಿಕಾರಿಯನ್ನು ದಾಟಿ ಫೋನ್ ಮಾಡಲು ಮಿಸ್ತ್ರಿಯ ಹತ್ತಿರ ನಂಬರ್ ಇಲ್ಲ. ನಿಮ್ಮನ್ನು ದಾಟಲು ಇದೆ.

ಹಳೆಯ ಕಥೆ ಹೇಳುವುದಾದರೆ, 1461ರಲ್ಲಿ ಬಹಮನಿ ಸುಲ್ತಾನ ಹುಮಾಯೂನ್ ಸತ್ತಾಗ ಮಗ ಇನ್ನೂ ಸಣ್ಣವನು. ಬೀದರಿನಲ್ಲಿ ರಾಜ್ಯ ನಡೆಸಿದ್ದು ರಾಜಮಾತೆ ನರ್ಗಿಸ್ ಬೇಗಂ. ಮಹಮೂದ್ ಗಾವಾನನಂಥ ಮಂತ್ರಿ ಆಕೆಯ ಮಂಡಳಿಯಲ್ಲಿ ಕೂತು ಕೆಲಸ ಮಾಡಿದ. ಗಾವಾನನ ಮದರಸಾ ನೋಡಲು ಹೋಗುವವರಿಗೆ ಆಕೆಯ ಹೆಸರು ಯಾರೂ ಹೇಳುವುದಿಲ್ಲ, ಅದು ಬೇರೆ ಮಾತು.

ಬದಲಾಗುತ್ತಾರಾ ಅಂತ ಕೇಳಿದಿರಿ. ಇದಕ್ಕೆ ನನ್ನ ಅನುಭವಕ್ಕಿಂತ ಗಟ್ಟಿಯಾದ ಪುರಾವೆ ಇದೆ. ಪಶ್ಚಿಮ ಬಂಗಾಳದಲ್ಲಿ ಯಾವ ಪಂಚಾಯಿತಿಗೆ ಮಹಿಳಾ ಪ್ರಧಾನರು, ಅಂದರೆ ಅಧ್ಯಕ್ಷೆ, ಬರಬೇಕು ಅನ್ನುವುದು ಸರದಿ ಮೇಲೆ, ಯಾರ ಇಷ್ಟಕ್ಕೂ ಬಿಡದೆ, ತೀರ್ಮಾನವಾಗುತ್ತಿತ್ತು. ಅಲ್ಲಿ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಒಂದು ಪರೀಕ್ಷೆ ಮಾಡಿದರು. ಈ ಡುಫ್ಲೊ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು. ಒಂದೇ ಭಾಷಣವನ್ನು ಗಂಡಿನ ದನಿಯಲ್ಲೂ ಹೆಣ್ಣಿನ ದನಿಯಲ್ಲೂ ರೆಕಾರ್ಡ್ ಮಾಡಿ ಹಳ್ಳಿಯವರಿಗೆ ಕೇಳಿಸಿ, ಈ ನಾಯಕ ಹೇಗೆ ಅಂತ ಕೇಳಿದರು. ಹೆಣ್ಣು ಪ್ರಧಾನರನ್ನು ಎಂದೂ ನೋಡದ ಊರುಗಳ ಗಂಡಸರು ಹೆಣ್ಣಿನ ದನಿಗೆ ಕಡಿಮೆ ಅಂಕ ಕೊಟ್ಟರು. ಮಾತು ಅದೇ, ಅಂಕ ಮಾತ್ರ ಕಡಿಮೆ. ಒಮ್ಮೆ ಮಹಿಳೆ ಆಡಳಿತ ನಡೆಸಿದ ಊರುಗಳಲ್ಲಿ ಆ ತಾರತಮ್ಯ ಕರಗಿಹೋಗಿತ್ತು. 2009ರಲ್ಲಿ ಇದು ಪ್ರಕಟವಾಯಿತು.

ನಿಮಗೆ ಬೇಕಾದ ಎರಡು ವಿಷಯ ಇದರಲ್ಲಿದೆ. ಮೊದಲು ಬಂದ ಹೆಣ್ಣಿಗೆ, ಕೆಲಸ ಚೆನ್ನಾಗಿ ಮಾಡಿದರೂ, ಜನ ಅಂಕ ಕಡಿಮೆಯೇ ಕೊಟ್ಟರು. ಆ ಮಿಲ್‌ನಲ್ಲಿ ಮೊದಲ ಹೆಣ್ಣು ನೀವೇ. ಹಾಗಾಗಿ ನಿಮಗೆ ಸಿಗುತ್ತಿರುವ ಅಂಕ ನೋಡಿ ನಿಮ್ಮ ಕೆಲಸವನ್ನು ಅಳೆಯಬೇಡಿ. ಎರಡನೆಯದು ಸ್ವಲ್ಪ ಕಹಿ. ಹೆಣ್ಣು ನಾಯಕಿ ಸಮರ್ಥಳು ಅನ್ನುವ ಅಂದಾಜು ಬದಲಾಯಿತು, ಆದರೆ ಗಂಡಸೇ ನಾಯಕನಾಗಿದ್ದರೆ ಚೆಂದ ಅನ್ನುವ ಒಳಗಿನ ಇಷ್ಟ ಅಷ್ಟು ಬೇಗ ಬದಲಾಗಲಿಲ್ಲ. ಅಂದರೆ ಮಿಸ್ತ್ರಿ ಕಾಕಾ ನಿಮ್ಮ ಲೆಕ್ಕ ಸರಿ ಅಂತ ಒಪ್ಪುವ ದಿನ ಬರಬಹುದು, ಬಾಯಿ ಕೈಕೆಳಗೆ ಕೆಲಸ ಮಾಡುವುದು ಬಲು ಖುಷಿ ಅನ್ನುವ ದಿನ ಬಾರದೇ ಇರಬಹುದು. ಪರವಾಗಿಲ್ಲ. ಸಂಬಳ ಕೊಡುವುದು ಮೊದಲನೆಯದಕ್ಕೆ.

ನಮ್ಮ ರಾಜ್ಯದ ಪಂಚಾಯಿತಿಗಳಲ್ಲೂ ಇದೇ ನಡೆದಿದೆ. 1987ರ ಚುನಾವಣೆಯಲ್ಲೇ ಇಲ್ಲಿ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಇಟ್ಟಿದ್ದರು, ಆಮೇಲೆ ಅರ್ಧಕ್ಕೆ ಏರಿತು. ಅಧ್ಯಕ್ಷೆಯ ಗಂಡ ಮೀಟಿಂಗ್‌ಗೆ ಬಂದು ಕೂರುವುದನ್ನು ನೀವೂ ನೋಡಿರುತ್ತೀರಿ. ಅದು ನಿಂತ ಕಡೆಗಳಲ್ಲಿ ನಿಂತದ್ದು ಭಾಷಣದಿಂದ ಅಲ್ಲ. ಮೇಲಿನ ಅಧಿಕಾರಿ ಗಂಡನ ಫೋನ್ ಎತ್ತುವುದನ್ನು ಬಿಟ್ಟಾಗ ನಿಂತಿತು. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಇನ್ನು ಗೆಳತಿಯ ಸಲಹೆ. "ಒಮ್ಮೆ ಜೋರು ಮಾಡು." ನನಗೆ ಈ ಸಲಹೆ ಸ್ವಲ್ಪವೂ ಇಷ್ಟವಿಲ್ಲ, ನಿಮ್ಮ ದನಿ ಏರಬಾರದು ಅಂತ ಅಲ್ಲ. ಗಂಡಸು ಕೂಗಿದರೆ "ಸಾಹೇಬ್ರು ಇವತ್ತ ಸಿಟ್ಟಿನಾಗ ಇದ್ದಾರ" ಅನ್ನುತ್ತಾರೆ, ಹೆಣ್ಣು ಕೂಗಿದರೆ "ಆಕಿ ಸ್ವಭಾವನೇ ಹಂಗ" ಅನ್ನುತ್ತಾರೆ. ಅನ್ಯಾಯ ಹೌದು. ಆದರೆ ನಾಳೆ ಬೆಳಿಗ್ಗೆ ಮಿಲ್‌ಗೆ ಹೋಗಬೇಕಾದವರು ನೀವು. ಬೀದರ್ ಜಿಲ್ಲೆಯ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಒಬ್ಬ ಸೂಪರ್‌ವೈಸರ್ ಹೆಣ್ಣುಮಗಳು ಹೀಗೆ ಜೋರು ಮಾಡಿ ಗೆದ್ದರು. ಗೆದ್ದದ್ದು ನಿಜ. ಎಲ್ಲರೂ ಹೇಳಿದ್ದನ್ನು ಮಾಡತೊಡಗಿದರು. ಹೇಳಿದ್ದನ್ನಷ್ಟೇ ಮಾಡತೊಡಗಿದರು. ಬೆಲ್ಟ್ ಜಾರುತ್ತಿದೆ ಅಂತ ಆಪರೇಟರ್‌ಗೆ ಗೊತ್ತಿತ್ತು, ಬೇರಿಂಗ್ ಕೂಗುತ್ತಿದೆ ಅಂತ ಪಕ್ಕದವನಿಗೆ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. "ಮೇಡಂ ಕೇಳಲಿಲ್ಲ, ನಾವ್ ಹೇಳಲಿಲ್ಲ." ಮೆಷಿನ್ ನಿಂತ ದಿನ ಆಕೆ ಒಬ್ಬರೇ ಆದರು.

ಗಂಡ ಹೇಳುವ "ಮೆತ್ತಗೆ ಹೋಗು" ಕೂಡ ಇಷ್ಟೇ. ಇಷ್ಟು ದಿನ ಮೆತ್ತಗೇ ಹೋಗಿದ್ದೀರಿ, ಪರಿಣಾಮ ನಿಮ್ಮ ಪತ್ರದಲ್ಲೇ ಇದೆ. ಸೀರೆಯ ವಿಷಯ: ಮೆಷಿನ್ ಹತ್ತಿರ ಓಡಾಡುವವರು ಸೆರಗು, ದುಪಟ್ಟಾ ಎರಡನ್ನೂ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಬೆಲ್ಟ್‌ಗೆ ಸಿಕ್ಕರೆ ಜೀವಕ್ಕೇ ಅಪಾಯ. ಅಷ್ಟು ಬಿಟ್ಟರೆ ಬಟ್ಟೆಗೂ ನಿಮ್ಮ ಸಮಸ್ಯೆಗೂ ಸಂಬಂಧ ಇಲ್ಲ.

ಈಗ ಕಾರಣಕ್ಕೆ ಬರೋಣ. ಹೆಣ್ಣು ಅನ್ನುವುದು ಒಂದು ಕಾರಣ, ಅದೊಂದೇ ಅಲ್ಲ.

ಮಿಸ್ತ್ರಿ ಕಾಕಾ ತೇವ ನೋಡುವುದನ್ನು ನೀವು ಗಮನಿಸಿರುತ್ತೀರಿ. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸುತ್ತಾರೆ. ಮೇಲಿನ ಕಾಳಲ್ಲ, ಒಳಗಿನದು. ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜುತ್ತಾರೆ, ನಾಲ್ಕು ಕಾಳು ಹಲ್ಲಲ್ಲಿ ಕಡಿಯುತ್ತಾರೆ. ಕಟ್ ಅಂತ ಒಡೆದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಹಸಿ. ಇದು ಅವರ ವಿದ್ಯೆ. ಆ ಒಂದು ವಿದ್ಯೆಯ ಮೇಲೆ ಅವರು ಆ ಮಿಲ್‌ನಲ್ಲಿ ಕಾಕಾ ಆಗಿರುವುದು. ನೀವು ಬಂದು ಕೈಯಷ್ಟು ದೊಡ್ಡ ಮೀಟರ್ ತೋರಿಸಿ 12 ಅಂದಿರಿ. ನಿಮ್ಮ ಜಾಗದಲ್ಲಿ ಗಂಡು ಎಂಜಿನಿಯರ್ ಇದ್ದರೂ ಅವರಿಗೆ ಚುಚ್ಚುತ್ತಿತ್ತು. ಆದರೆ ಆ ಹುಡುಗನ ಜೊತೆ ಚಹಾ ಕುಡಿಯುತ್ತಾ "ಏ ತಮ್ಮಾ, ನಿನ್ನ ಮೀಟರ್ ಬಾಜೂಕ್ ಇಡು" ಅಂತ ಬಾಯಿಬಿಟ್ಟು ಜಗಳ ಆಡುತ್ತಿದ್ದರು. ನಿಮ್ಮ ಜೊತೆ ಹಾಗೆ ಆಡಲಾರರು. ಹೆಣ್ಣುಮಗಳ ಮುಂದೆ ವಾದ ಮಾಡುವುದು ಮರ್ಯಾದೆ ಅಲ್ಲ ಅಂತ ಅವರ ತಿಳಿವಳಿಕೆ. ಅದಕ್ಕೇ "ಹೂಂರಿ ಬಾಯಿ" ಅಂದು ಆ ಕಡೆ ಹೋಗುತ್ತಾರೆ. ನೋಡಿ, ಅವರ ಮರ್ಯಾದೆಯೇ ನಿಮ್ಮ ದಾರಿಗೆ ಅಡ್ಡ ನಿಂತಿದೆ.

ಇನ್ನೊಂದು ಅನುಮಾನ ನನಗಿದೆ. ಆ ಲಾಟ್ ಹಸಿ ಇದೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ಅಷ್ಟು ವರ್ಷದ ಕೈಗೆ 12ಕ್ಕೂ 10ಕ್ಕೂ ಇರುವ ಅಂತರ ತಿಳಿಯದೇ ಇರುವುದು ಕಷ್ಟ. ಹಸಿ ಇದ್ದರೆ ಸಿಪ್ಪೆ ಸಲೀಸಾಗಿ ಬಿಡುವುದಿಲ್ಲ, ಮತ್ತೆ ಮತ್ತೆ ರೋಲರ್‌ಗೆ ಹಾಕಬೇಕು, ನುಚ್ಚು ಪುಡಿ ಜಾಸ್ತಿಯಾಗುತ್ತದೆ ಅಂತ ನಿಮಗಿಂತ ಮುಂಚೆ ಅವರಿಗೆ ಗೊತ್ತು. ಆ ದಿನ ಗೇಟಿನ ಹತ್ತಿರ ಲಾರಿ ನಿಂತಿತ್ತಾ? ಮಾಲು ಕೊಳ್ಳುವ ಪಾರ್ಟಿ ಸಾವ್ಕಾರರಿಗೆ ಫೋನ್ ಮೇಲೆ ಫೋನ್ ಮಾಡುತ್ತಿತ್ತಾ? ವಿಚಾರಿಸಿ ನೋಡಿ. ಹಾಗಿದ್ದರೆ ಆ ಜಗಳ ತೇವದ್ದೇ ಅಲ್ಲ. ಸಾವ್ಕಾರರ ಅವಸರವನ್ನು ಮಿಸ್ತ್ರಿ ಪೂರೈಸಿದರು, ಅದರ ಬೆಲೆ ನಿಮ್ಮ ಹೆಸರಿಗೆ ಬಿತ್ತು.

ಆರಿಸುವ ಹೆಂಗಸರು ಮಿಸ್ತ್ರಿಯ ಮುಖ ನೋಡುವುದಕ್ಕೆ ಕಾರಣ ಇನ್ನೂ ಸರಳ. ಬೆಳಿಗ್ಗೆ ಅವರ ಹಾಜರಿ ಹಾಕುವವರು ಯಾರು? ನಾಳೆ ಬರಬೇಕೋ ಬೇಡವೋ ಹೇಳುವವರು ಯಾರು? ಮಗುವಿಗೆ ಜ್ವರ ಬಂದಾಗ, ಮನೆಯಲ್ಲಿ ಮದುವೆ ಇದ್ದಾಗ, ಸಾವ್ಕಾರರ ಹತ್ತಿರ ಅಡ್ವಾನ್ಸ್ ಕೊಡಿಸುವವರು ಯಾರು? ಬಹಳಷ್ಟು ಕಡೆ ಅವರನ್ನು ಕೆಲಸಕ್ಕೆ ಕರೆತಂದವರೂ ಮಿಸ್ತ್ರಿಯೇ, ತಮ್ಮ ಊರಿಂದ, ತಮ್ಮ ಓಣಿಯಿಂದ. ನಿಮ್ಮ ಟೇಬಲ್ ಮೇಲೆ ಮ್ಯಾನೇಜರ್ ಅಂತ ಬೋರ್ಡ್ ಇದೆ, ಹಾಜರಿ ಪುಸ್ತಕ ಮಿಸ್ತ್ರಿಯ ಕಂಕುಳಲ್ಲಿದೆ. ದಿನಗೂಲಿಯವರು ಬೋರ್ಡ್ ಓದುವುದಿಲ್ಲ, ಪುಸ್ತಕ ನೋಡುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಹಾಗಾದರೆ ಮಾಡುವುದೇನು? ನನ್ನ ಸಲಹೆ, ಗಂಡಸರ ಮನಸ್ಸು ಬದಲಾಯಿಸುವ ಕೆಲಸ ಸದ್ಯಕ್ಕೆ ಬಿಡಿ. ಹುಕುಂ ಹೋಗುವ ದಾರಿ ಬದಲಾಯಿಸಿ. ಅದು ಶುರುವಾಗುವುದು ಸಾವ್ಕಾರರಿಂದ.

ಅವರ ಹತ್ತಿರ ದೂರು ತೆಗೆದುಕೊಂಡು ಹೋಗಬೇಡಿ, ಲೆಕ್ಕ ತೆಗೆದುಕೊಂಡು ಹೋಗಿ. ಜನವರಿಯ ಆ ಲಾಟ್‌ನ ಕಾಗದ ತೆಗೆಯಿರಿ: ಎಷ್ಟು ಕ್ವಿಂಟಲ್ ತೊಗರಿ, ಎಷ್ಟು ಬೇಳೆ, ಎಷ್ಟು ನುಚ್ಚು, ಎಷ್ಟು ಚುನ್ನಿ (ದನಕ್ಕೆ ಹಾಕುವ ಸಿಪ್ಪೆ-ಪುಡಿ). ಮಿಲ್‌ಗಳಲ್ಲಿ ನೂರು ಕಿಲೊ ತೊಗರಿಗೆ 70ರಿಂದ 75 ಕಿಲೊ ಬೇಳೆ ಬಂದರೆ ಸರಿ ಅನ್ನುತ್ತಾರೆ. ಎರಡು ಕಿಲೊ ಕಡಿಮೆಯಾದರೂ ಒಂದು ಲಾರಿ ಲೋಡಿಗೆ ಎಷ್ಟು ರೂಪಾಯಿ ಅಂತ ಅವರಿಗೆ ಕ್ಯಾಲ್ಕುಲೇಟರ್ ಬೇಕಾಗಿಲ್ಲ. ಆಮೇಲೆ ಒಂದೇ ಒಂದು ವಿಷಯ ಕೇಳಿ. "ಸಾವ್ಕಾರ್ರ, ಮಿಸ್ತ್ರಿ ಕಾಕಾರ ಫೋನ್ ಬಂದ್ರ ‘ಮೇಡಂರಿಗಿ ಕೇಳ್ರಿ’ ಅಂತ ಅಷ್ಟೇ ಹೇಳ್ರಿ. ನಾ ತಪ್ಪು ಮಾಡಿದ್ರ ಕರ್ದು ಬೈರಿ, ಕೇಳ್ತೀನಿ. ನನ್ನ ದಾಟಿ ಹೇಳಬ್ಯಾಡ್ರಿ." ಲಾರಿ ಅವಸರ ಇದ್ದರೆ ಅವರೇ ನಿಮಗೆ ಹೇಳಲಿ. ಗೊತ್ತಿದ್ದೂ ಹಸಿ ಓಡಿಸಬೇಕಾದರೆ ಓಡಿಸಬಹುದು, ಆದರೆ ಲಾಟ್ ಪುಸ್ತಕದಲ್ಲಿ "ಸಾವ್ಕಾರರು ಹೇಳಿದ್ದರಿಂದ" ಅಂತ ಬರೆದು ಓಡಿಸಿ.

ಇದರಲ್ಲಿ ಅಪಾಯ ಇದೆ. ಅವರು ನಕ್ಕು "ಹಳೇ ಮನುಷ್ಯಾರೀ, ಹೊಂದ್ಕೊಂಡ್ ಹೋಗ್ರಿ" ಅನ್ನಬಹುದು. ಸಾಮಾನ್ಯವಾಗಿ ಮೊದಲ ಸಲ ಹಾಗೇ ಅನ್ನುತ್ತಾರೆ. ಅಥವಾ ಹೂಂ ಅಂದು, ಮರುದಿನ ಫೋನ್ ಎತ್ತಿಬಿಡುತ್ತಾರೆ, ಇಪ್ಪತ್ತು ವರ್ಷದ ಅಭ್ಯಾಸ ಅದು. ಆಗ ಸುಮ್ನೆ ಇರಬೇಡಿ, ಅದೇ ದಿನ ಸಂಜೆ ಮತ್ತೆ ಹೇಳಿ. ಎರಡನೇ ಸಲ, ಮೂರನೇ ಸಲ ಹೇಳುವಾಗ ಮುಜುಗರ ಆಗುತ್ತದೆ. ಬಹಳ ಹೆಣ್ಣುಮಕ್ಕಳು ಕೈಬಿಡುವುದು ಇಲ್ಲೇ.

ಜೊತೆಗೇ ಹಾಜರಿ ಪುಸ್ತಕ ಕೇಳಿ. ಇಡೀ ಪುಸ್ತಕ ಕಸಿದುಕೊಳ್ಳುವುದು ಬೇಡ, ಅದು ಕಾಕಾರಿಗೆ ಹತ್ತು ಜನರ ಮುಂದೆ ಮಾಡುವ ಅವಮಾನ. ಬೆಳಿಗ್ಗೆ ಹಾಜರಿ ಅವರೇ ಹಾಕಲಿ, ಸಂಜೆ ಸಹಿ ನಿಮ್ಮದಿರಲಿ. ರಜೆ ಮತ್ತು ಅಡ್ವಾನ್ಸ್ ಚೀಟಿ ನಿಮ್ಮ ಟೇಬಲ್ ದಾಟಿ ಹೋಗಲಿ. ಆರಿಸುವ ಹೆಂಗಸರಿಗೆ ಮೊದಲ ತಿಂಗಳಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಅಡ್ವಾನ್ಸ್ ಕೇಳಲು ಬಂದಾಗ ಯಾಕೆ ಅಂತ ನಾಲ್ಕು ಪ್ರಶ್ನೆ ಹಾಕಿ ಸತಾಯಿಸಬೇಡಿ. ಅವರು ಕೂರುವ ಜಾಗದಲ್ಲಿ ಧೂಳು ಎಷ್ಟಿದೆ, ಶೌಚಾಲಯದ ಬಾಗಿಲಿಗೆ ಚಿಲಕ ಇದೆಯಾ ನೋಡಿ. ಗಂಡು ಮ್ಯಾನೇಜರ್‌ಗಳ ಕಣ್ಣಿಗೆ ಬೀಳದ ಕೆಲಸ ಇದು, ನಿಮ್ಮ ಕೈಯಲ್ಲಿ ಒಂದು ವಾರದಲ್ಲಿ ಮುಗಿಯುತ್ತದೆ.

ಮಿಸ್ತ್ರಿಯ ಜೊತೆ ಒಬ್ಬರೇ ಇದ್ದಾಗ ಮಾತಾಡಿ, ಹುಡುಗರ ಮುಂದೆ ಬೇಡ. ಕಾಕಾ ಅನ್ನುವುದನ್ನು ಬಿಡಬೇಡಿ. ಈಗ ಒಮ್ಮೆಲೇ ಹೆಸರು ಹಿಡಿದು ಕರೆದರೆ ಊರೆಲ್ಲ ಸುದ್ದಿಯಾಗುತ್ತದೆ. ಕಾಕಾ ಅಂತ ಕರೆಯುತ್ತಲೇ ಕೆಲಸ ಹೇಳಬಹುದು. "ಕಾಕಾ, ಈ ಲಾಟ್ ಎರಡು ಭಾಗ ಮಾಡೋಣ್ರಿ. ಒಂದು ನಿಮ್ಮ ಕೈ ಹೇಳ್ದಂಗ, ಇನ್ನೊಂದು ಮೀಟರ್ ಹೇಳ್ದಂಗ. ಎರಡೂ ತೂಗಿ ನೋಡೋಣು." ಎರಡಕ್ಕೂ ಹಚ್ಚುವ ಎಣ್ಣೆ ಒಂದೇ ಅಳತೆ, ರೋಲರ್ ಅದೇ, ತೊಗರಿ ಅದೇ ಇರಬೇಕು. ಬಂದ ಬೇಳೆ, ನುಚ್ಚು, ಚುನ್ನಿ ಎಲ್ಲರಿಗೂ ಕಾಣುವಂತೆ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ.

ಇದರಲ್ಲೂ ಅಪಾಯ ಇದೆ: ನೀವು ಸೋಲಬಹುದು. ಒಂದೊಂದು ಸಲ ಮೀಟರ್ ತಪ್ಪು ತೋರಿಸುತ್ತದೆ, ಒಂದೊಂದು ತಳಿಗೆ ಕೈ ಅಂದಾಜೇ ಸರಿ ಬರುತ್ತದೆ. ಮೊದಲು ಮೀಟರ್ ಪರೀಕ್ಷೆ ಮಾಡಿಸಿಕೊಳ್ಳಿ. ಆದರೂ ಸೋತರೆ ಎಲ್ಲರ ಮುಂದೆ "ಕಾಕಾ ಅಂದಿದ್ದೇ ಖರೆ ಆತು" ಅಂದುಬಿಡಿ. ಅದರಿಂದ ನಿಮ್ಮ ಮರ್ಯಾದೆ ಹೋಗುವುದಿಲ್ಲ. ನಿಮ್ಮ ಜೊತೆ ವಾದ ಮಾಡಬಹುದು ಅನ್ನುವ ಧೈರ್ಯ ಅವರಿಗೆ ಅಂದು ಬರುತ್ತದೆ. ಅವರು ನಿಮ್ಮ ಮುಂದೆಯೇ "ಇಲ್ರಿ ಬಾಯಿ, ಇದು ಆಗಂಗಿಲ್ಲ" ಅಂದ ದಿನ, ಫೋನ್ ಮಾಡುವ ಅಗತ್ಯ ಅರ್ಧ ಕಡಿಮೆಯಾಯಿತು ಅಂತ ತಿಳಿಯಿರಿ.

ಹುಡುಗರ ವಿಷಯ ಬೇರೆ. ಅಲ್ಲಿ ಇಷ್ಟು ತಾಳ್ಮೆ ಬೇಕಾಗಿಲ್ಲ.

ಭಾವ ಕೇಸ್ ಅಂದಿದ್ದಾರಲ್ಲ, ಕಾನೂನು ಏನು ಹೇಳುತ್ತದೆ ನೋಡಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ 2013ರದ್ದು. ಮಿಸ್ತ್ರಿ ನಿಮ್ಮ ಮಾತು ಕೇಳದೇ ಇರುವುದು ಇದರಡಿ ಬರುವುದಿಲ್ಲ. ಅದು ಶಿಸ್ತಿನ ಪ್ರಶ್ನೆ, ಸಾವ್ಕಾರರು ಬಗೆಹರಿಸಬೇಕಾದ್ದು. ಅವರ ಮೇಲೆ ಈ ದೂರು ಕೊಟ್ಟರೆ ನಿಲ್ಲುವುದಿಲ್ಲ, ಮುಂದೆ ನಿಜವಾದ ದೂರು ಕೊಟ್ಟಾಗಲೂ ಜನ ನಂಬುವುದಿಲ್ಲ. ಆದರೆ ಹುಡುಗರು ಆಡಿದ ಮಾತು ಬೇರೆ. ಮೈಮುಟ್ಟಿದರೇ ಕಿರುಕುಳ ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಲೈಂಗಿಕ ಧ್ವನಿ ಇರುವ ಮಾತೂ ಈ ಕಾಯ್ದೆಯಲ್ಲಿ ಸ್ಪಷ್ಟವಾಗಿ ಸೇರಿದೆ. "ರಾತ್ರಿ ಮನ್ಯಾಗ" ಅಂತ ಸೇರಿಸಿ ನಕ್ಕಾಗ ಅದು ಯಾವ ಕಡೆ ವಾಲುತ್ತದೆ ಅಂತ ಆಡಿದವರಿಗೂ ಗೊತ್ತು. ಕೊನೆಗೆ ತೀರ್ಮಾನ ಸಮಿತಿಯದು.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷತೆ ಮಹಿಳೆಯದು, ಸದಸ್ಯರಲ್ಲಿ ಅರ್ಧವಾದರೂ ಮಹಿಳೆಯರು, ಹೊರಗಿನವರು ಒಬ್ಬರು. ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ನಿಮ್ಮಲ್ಲಿ ನಲವತ್ತು ಜನ, ಸಮಿತಿ ಇಲ್ಲ ಅಂತ ನನ್ನ ಊಹೆ. ಸಾವ್ಕಾರರಿಗೆ ಇದನ್ನು ದಂಡದ ಲೆಕ್ಕದಲ್ಲೇ ಹೇಳಿ, ಬೇಗ ಅರ್ಥವಾಗುತ್ತದೆ. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯವರಿಗೆ, ಮತ್ತು ಮಾಲೀಕರ ಮೇಲೆಯೇ ದೂರು ಇದ್ದಾಗ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ದೂರು ಲಿಖಿತವಾಗಿರಬೇಕು, ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು.

ನಾನಾಗಿದ್ದರೆ ನೇರ ದೂರಿಗೆ ಹೋಗುವ ಮುಂಚೆ ಒಂದು ಹೆಜ್ಜೆ ಇಡುತ್ತಿದ್ದೆ. ಮುಂದಿನ ಸಲ ಆ ಮಾತು ಕಿವಿಗೆ ಬಿದ್ದಾಗ ತಿರುಗಿ, ಅವರ ಹತ್ತಿರ ಹೋಗಿ, ದನಿ ಏರಿಸದೆ "ಈಗೇನಂದಿ? ನನ್ನ ಮುಂದ ಅನ್ನು" ಅನ್ನಿ. ಹೆಚ್ಚಿನವರ ಬಾಯಿ ಅಲ್ಲಿಗೇ ಬಂದ್ ಆಗುತ್ತದೆ. ತಾರೀಖು, ಸಮಯ, ಆಡಿದ ಮಾತು, ಪಕ್ಕದಲ್ಲಿದ್ದವರು ಯಾರು, ಅಂದೇ ಬರೆದಿಡಿ. ಇನ್ನೊಮ್ಮೆ ಆದರೆ ಲಿಖಿತ ದೂರು. ಇದು ನಿಮ್ಮ ಮೇಲೆ ಹೇರುವ ನಿಯಮ ಅಲ್ಲ. ಈಗಲೇ ದೂರು ಕೊಡಬೇಕು ಅನ್ನಿಸಿದರೆ ಕೊಡಿ, ಮೊದಲು ಸಹಿಸಿಕೊಳ್ಳಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ದೂರು ಕೊಟ್ಟರೆ ಏನಾಗಬಹುದು ಅಂತಲೂ ಹೇಳುತ್ತೇನೆ. ಕೆಲವು ದಿನ ಮಿಲ್‌ನಲ್ಲಿ ಗಂಡಸರು ನಿಮ್ಮ ಜೊತೆ ಮಾತು ಬಿಡುತ್ತಾರೆ. ಹುಡುಗರು ಮಿಸ್ತ್ರಿಯ ಸಂಬಂಧಿಕರಾಗಿದ್ದರೆ ಅವರಿಗೂ ಮುನಿಸು ಬರುತ್ತದೆ. ಕೊಡದೇ ಬಿಟ್ಟರೆ ಇಬ್ಬರು ಆಡುವ ಮಾತು ಆರು ಜನರ ಮಾತಾಗುತ್ತದೆ, ನಾಳೆ ಆರಿಸುವ ಹೆಂಗಸರ ಮೇಲೂ ತಿರುಗುತ್ತದೆ.

ಮಿಸ್ತ್ರಿಗೇ ಹೇಳಿ ಹುಡುಗರನ್ನು ಸರಿಮಾಡಿಸಿದರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಕಾಕಾ ಒಮ್ಮೆ ಗದರಿದರೆ ಹುಡುಗರು ಸುಮ್ಮನಾಗುತ್ತಾರೆ, ನಿಜ. ಆದರೆ ನಿಮ್ಮ ಮರ್ಯಾದೆ ಕಾಯುವ ಕೆಲಸವೂ ಅವರ ಕೈಗೆ ಹೋಗುತ್ತದೆ. ಬೇಡ.

ಕೆಲಸ ಬಿಡಲಾ ಅಂದಿರಿ. ಈಗಲ್ಲ, ಆದರೆ ಎಂದೂ ಬಿಡಬೇಡಿ ಅಂತಲೂ ಹೇಳಲಾರೆ. ಮಿಸ್ತ್ರಿಯ ಮೇಲೆ ಸಿಟ್ಟು ಬಂತು ಅಂತ ಬಿಡಬೇಡಿ, ಮುಂದಿನ ಮಿಲ್‌ನಲ್ಲೂ ಒಬ್ಬ ಕಾಕಾ ಇರುತ್ತಾರೆ. ಬಿಡುವುದಾದರೆ ಸಾವ್ಕಾರರನ್ನು ನೋಡಿ ಬಿಡಿ. ಹೊಸ ತೊಗರಿ ಬರುವುದು ಡಿಸೆಂಬರ್-ಜನವರಿಗೆ. ದೀಪಾವಳಿ ಲಕ್ಷ್ಮಿ ಪೂಜೆ ಹೊತ್ತಿಗೆ ಎರಡು ವಿಷಯ ನೋಡಿ: ಫೋನ್ ಎತ್ತುವುದು ನಿಂತಿದೆಯಾ, ಹಾಜರಿ ಪುಸ್ತಕದಲ್ಲಿ ನಿಮ್ಮ ಸಹಿ ಬೀಳುತ್ತಿದೆಯಾ. ಎರಡರಲ್ಲಿ ಒಂದಾದರೂ ಆಗಿದ್ದರೆ ಇನ್ನೊಂದು ಸೀಸನ್ ಇರಿ. ಎರಡೂ ಆಗದಿದ್ದರೆ, ಕೇಳಿದ್ದನ್ನು ಮೂರು ಸಲ ಕೇಳಿದ್ದೀರಿ ಅಂದರೆ, ಅವರಿಗೆ ಮ್ಯಾನೇಜರ್ ಬೇಕಾಗಿಲ್ಲ, ನುಚ್ಚು ಜಾಸ್ತಿ ಬಂದಾಗ ಬೈಯಲು ಒಬ್ಬರು ಬೇಕಾಗಿದ್ದಾರೆ ಅಂತ ಅರ್ಥ. ಆಗ ಬೇರೆ ಕಡೆ ನೋಡಿ. ತೊಗರಿಯ ಜಿಲ್ಲೆ ಇದು, ದಾಲ್ ಮಿಲ್‌ಗಳಿಗೆ ಬರ ಇಲ್ಲ.

ಬಿಡುವಾಗ ಅನುಭವ ಪತ್ರದಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಅಂತಲೇ ಬರೆಸಿಕೊಳ್ಳಿ, ಆಫೀಸ್ ಸ್ಟಾಫ್ ಅಂತ ಬರೆದರೆ ಒಪ್ಪಬೇಡಿ. ಮುಂದಿನ ಸಾವ್ಕಾರರು ಡಿಗ್ರಿಗಿಂತ ಮೊದಲು ಕೇಳುವುದು ನಿಮ್ಮ ಕೈಯಲ್ಲಿ ಎಷ್ಟು ಬೇಳೆ ಬಂತು ಅಂತ. ಅದಕ್ಕೆ ಲಾಟ್‌ವಾರು ಲೆಕ್ಕ ನಿಮ್ಮದೇ ಒಂದು ನೋಟ್‌ಬುಕ್‌ನಲ್ಲಿ ಇರಲಿ, ತೇವ ಎಷ್ಟಿತ್ತು, ಓಡಿಸಿ ಅಂದವರು ಯಾರು ಅನ್ನುವುದರ ಸಮೇತ.